ಫೋನು ಕಸಿಯುವ ಮೊದಲು ಒಮ್ಮೆ ಕೇಳಿ ನೋಡಿ

ಮೊಹರಂ ಹತ್ತಿರವಾಗುತ್ತಿದ್ದಂತೆ ಸಂತೆಕಲ್ಲೂರಿನಲ್ಲಿ ಇಶಾ ನಮಾಝ್ ಮುಗಿಸಿ ಹೊರಗೆ ಬಂದರೆ ಗೆಜ್ಜೆಯ ಸದ್ದು ಕೇಳ್ತದೆ. ಹಗಲೆಲ್ಲಾ ಹೊಲದಲ್ಲಿ ದುಡಿದ ಹುಡುಗರು ಬೀದಿದೀಪದ ಕೆಳಗೆ ದುಂಡಗೆ ನಿಂತು ಹೆಜ್ಜೆ ಹಾಕ್ತಾರೆ. ಮೇಳದ ಹಿರಿಯ ಒಂದು ಸಾಲು ಎತ್ತಿಕೊಡ್ತಾನೆ, ಉಳಿದವರು ಅದನ್ನೇ ತಿರುಗಿ ಹಾಡ್ತಾರೆ. ಹಸನ್, ಹುಸೈನ್, ಕರ್ಬಲಾ, ಯಝೀದ್ ಎಲ್ಲಾ ಅಚ್ಚ ರಾಯಚೂರು ಕನ್ನಡದಲ್ಲಿ. ಹಾಡುವವರಲ್ಲಿ ಮುಸ್ಲಿಮರಿಗಿಂತ ಬೇರೆಯವರೇ ಹೆಚ್ಚು. ಕರಾವಳಿಯಿಂದ ಬಂದು ಇಲ್ಲಿ ಮಕ್ಕಳಿಗೆ ಅಲಿಫ್ ಬಾ ಹೇಳಿಕೊಡುತ್ತಿರುವ ನಮಗೆ ಮೊದಲ ವರ್ಷ ಇದನ್ನು ಕಂಡು ಗಾಬರಿಯೇ ಆಗಿತ್ತು. ಪಂಜಾ ಕೂರಿಸುವುದು, ಅಲಾವಿ ಕುಣಿಯುವುದರ ಬಗ್ಗೆ ನಮ್ಮ ಉಲಮಾಗಳ ಮಾತು ಏನೆಂದು ಓದುಗರಿಗೆ ಗೊತ್ತು, ಆ ಚರ್ಚೆ ಇಲ್ಲಿ ಬೇಡ. ನಾವು ಹೇಳಹೊರಟದ್ದು ಆ ಹಾಡಿನ ಬಗ್ಗೆ.

ಈ ರಿವಾಯತ್ ಪದಗಳಿಗೆ ನಿರ್ಮಾಪಕ ಇಲ್ಲ, ಕಂಪೆನಿ ಇಲ್ಲ, ಟಿಕೆಟ್ ಇಲ್ಲ. ಶಿಶುನಾಳ ಶರೀಫರೂ (1819–1889) ಕಟ್ಟಿದ ಜಾತಿಯ ಪದಗಳಿವು. ಇಂದಿಗೂ ಊರೂರಲ್ಲಿ ಕಟ್ಟುವವರಿದ್ದಾರೆ. ಕೊನೆಯ ನುಡಿಯಲ್ಲಿ ತನ್ನ ಊರಿನ ಹೆಸರು, ಗುರುವಿನ ಹೆಸರು ಸೇರಿಸಿಬಿಡ್ತಾರೆ. ಹಾಗಾಗಿ ಯಾರ ಪದ ಎಂಬುದು ಪದದೊಳಗೇ ಉಳೀತದೆ. ಎರಡು ಮೇಳ ಎದುರಾದರೆ ಸವಾಲ್ ಜವಾಬ್. ಒಬ್ಬ ಪದದಲ್ಲೇ ಪ್ರಶ್ನೆ ಎಸೀತಾನೆ, ಇನ್ನೊಬ್ಬ ಪದದಲ್ಲೇ ಉತ್ತರ ಕೊಡಬೇಕು. ಇಲ್ಲೇ ಹತ್ತಿರದ ಮುದಗಲ್ಲಿನ ಮೊಹರಂಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರಲ್ಲ, ಅಲ್ಲಿ ಸೇರುವ ಮೇಳಗಳೂ ಹೀಗೆ ಬೀದಿದೀಪದ ಕೆಳಗೆ ತಯಾರಾದವೇ.

ಕಳೆದ ವರ್ಷ ನಮ್ಮ ಮದ್ರಸಕ್ಕೆ ಬರುವ ಹುಡುಗನೊಬ್ಬ ಮೇಳವನ್ನು ಫೋನಿನಲ್ಲಿ ಹಿಡಿದು, ನಡುನಡುವೆ ತನ್ನ ಅಜ್ಜನ ಮಾತು ಸೇರಿಸಿ, ಎಂಟು ನಿಮಿಷದ ಒಂದು ಚಿತ್ರ ಮಾಡಿದ. ಅಳುಕುತ್ತಲೇ ತಂದು, 'ಉಸ್ತಾದ್ರ, ಸಿಟ್ಟಾಗಬ್ಯಾಡ್ರಿ, ಒಮ್ಮೆ ನೋಡ್ರಿ' ಅಂದ. ನೋಡಿದೆವು. ಕ್ಯಾಮೆರಾ ಅಲುಗಾಡ್ತದೆ, ಗಾಳಿಯ ಸದ್ದು ಜಾಸ್ತಿ. ಆದರೆ ಅಜ್ಜ ತಾನು ಯಾರಿಂದ ಪದ ಕಲಿತೆ ಎಂದು ಹೇಳುವಾಗ ಮುಖ ಮಾತ್ರ ಚೆನ್ನಾಗಿ ಬಂದಿದೆ. ಆ ಅಜ್ಜ ಈಗ ಇಲ್ಲ.

ಹುಡುಗ ಹೆದರಿದ್ದರಲ್ಲಿ ತಪ್ಪಿಲ್ಲ. ನಾವು ಅಂಥವರೇ ಆಗಿದ್ದೆವು. ಹತ್ತು ಹನ್ನೆರಡು ವರ್ಷದ ಹಿಂದೆ ಊರಲ್ಲಿ ಒಂದು ಮದುವೆ. ಮೈಲಾಂಜಿ ರಾತ್ರಿ ಒಳಕೋಣೆಯಲ್ಲಿ ನಮ್ಮ ಉಮ್ಮನ ಅಕ್ಕ ಬ್ಯಾರಿ ಭಾಷೆಯಲ್ಲಿ ಹಳೆಯ ಮದುವೆ ಹಾಡು ಹೇಳುತ್ತಿದ್ದರು. ಒಂದರ ಹಿಂದೆ ಒಂದು, ಪುಸ್ತಕವಿಲ್ಲ, ಚೀಟಿಯಿಲ್ಲ. ಮೊಮ್ಮಗಳು ಮೊಬೈಲಿನಲ್ಲಿ ದನಿ ಹಿಡಿದಿಟ್ಟಿದ್ದಳು. ನಾವು ಗದರಿ ಅಳಿಸಿಸಿದೆವು. ಮರುವರ್ಷ ದೊಡ್ಡಮ್ಮ ತೀರಿಕೊಂಡರು. ಈಗ ಮನೆಯಲ್ಲಿ ಯಾರಿಗೂ ಎರಡು ಸಾಲಿಗಿಂತ ಹೆಚ್ಚು ಬರುವುದಿಲ್ಲ, ಆ ಎರಡು ಸಾಲಿನ ಬಗ್ಗೆಯೂ ತಂಗಿಯಂದಿರ ನಡುವೆ ಜಗಳವಿದೆ.

ದೀನಿನ ಹೆಸರಲ್ಲಿ ಗದರಿದ್ದೆವು, ಆದ್ದರಿಂದ ದೀನಿನ ಮಾತನ್ನೇ ಹೇಳಬೇಕು. ಈದ್ ದಿನ ಹಝ್ರತ್ ಆಯಿಷಾ(ರ)ರ ಮನೆಯಲ್ಲಿ ಅನ್ಸಾರರ ಇಬ್ಬರು ಹೆಣ್ಣುಮಕ್ಕಳು ಹಾಡುತ್ತಿದ್ದರು. ಅಬೂಬಕರ್ ಸಿದ್ದೀಕ್(ರ) ಗದರಿದಾಗ ಪ್ರವಾದಿ(ಸ)ಯವರು ಅವರನ್ನು ಬಿಡಿ, ಇದು ನಮ್ಮ ಈದ್ ಎಂಬರ್ಥದ ಮಾತು ಹೇಳಿದ್ದು ಬುಖಾರಿಯಲ್ಲಿದೆ. ಇದನ್ನು ನಾವು ಎಷ್ಟೋ ಸಲ ಪಾಠ ಮಾಡಿದ್ದೇವೆ. ಆ ಹೆಣ್ಣುಮಕ್ಕಳು ಹಾಡುತ್ತಿದ್ದದ್ದು ಏನು ಎಂಬುದರ ಮೇಲೆ ಮಾತ್ರ ನಿಂತಿರಲಿಲ್ಲ. ಬುಆಸ್ ಕಾಳಗದ ಪದಗಳು, ಅಂದರೆ ತಮ್ಮವರ ಹಳೆಯ ಕಥೆ. ಕೆಟ್ಟ ಮಾತು, ಕೆಟ್ಟ ದೃಶ್ಯ ಇದ್ದರೆ ಬೇಡವೇ ಬೇಡ, ಅದರಲ್ಲಿ ರಾಜಿಯಿಲ್ಲ. ವಾದ್ಯಗಳ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಅವರವರು ನೆಚ್ಚಿದ ಉಸ್ತಾದರನ್ನು ಕೇಳಿಕೊಳ್ಳಲಿ. ಆದರೆ ಅಜ್ಜಿಯ ಹಾಡು, ದಫ್, ಕೋಲ್ಕಳಿಯನ್ನೂ ರೀಲ್ಸಿನ ಹುಚ್ಚಾಟವನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟುವುದು ಸರಿಯಲ್ಲ.

ಸಿನಿಮಾ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು 'ಬ್ಯಾರಿ'. ಸುವೀರನ್ ನಿರ್ದೇಶಿಸಿದ ನಮ್ಮ ಭಾಷೆಯ ಮೊದಲ ಚಿತ್ರ, 2011ರ ಸಾಲಿನ ಸ್ವರ್ಣಕಮಲವನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತು. ಹೆಮ್ಮೆಯ ವಿಷಯವೇ. ಆದರೆ ಅಂಥ ದೊಡ್ಡ ಕೆಲಸ ವರ್ಷವರ್ಷ ಆಗುವುದಲ್ಲ, ಅದಕ್ಕಾಗಿ ಕಾದು ಕೂರುವುದೂ ಬೇಕಾಗಿಲ್ಲ. ಮಹಾರಾಷ್ಟ್ರದ ಮಾಲೆಗಾಂವ್ ನೋಡಿ. ಪವರ್‌ಲೂಮ್ ಊರು, ನಮ್ಮವರೇ ಹೆಚ್ಚು. ವಿಡಿಯೋ ಪಾರ್ಲರ್ ನಡೆಸುತ್ತಿದ್ದ ಶೇಖ್ ನಾಸಿರ್ ಎಂಬವರು 2000ರ ಹೊತ್ತಿಗೆ ಊರಿನವರನ್ನೇ ಕಟ್ಟಿಕೊಂಡು ಸುಮಾರು 50,000 ರೂಪಾಯಿಯಲ್ಲಿ 'ಮಾಲೆಗಾಂವ್ ಕೇ ಶೋಲೆ' ಮಾಡಿದರು. ಮುಂದೆ ಮಗ್ಗದ ಕೆಲಸಗಾರ ಶೇಖ್ ಶಫೀಕ್, ಬಡಕಲು ದೇಹದವರು, ಸೂಪರ್‌ಮ್ಯಾನ್ ಆದರು. ಆ ಚಿತ್ರ ತಯಾರಾದ ಕಥೆಯನ್ನು ಫೈಝಾ ಅಹ್ಮದ್ ಖಾನ್ 2008ರಲ್ಲಿ ಸಾಕ್ಷ್ಯಚಿತ್ರ ಮಾಡಿದ್ದಾರೆ. ಶಫೀಕ್ 2011ರಲ್ಲಿ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಮಾಲೆಗಾಂವ್ ಚಿತ್ರಗಳೆಲ್ಲಾ ನಮಗೆ ಇಷ್ಟ ಎಂದು ಹೇಳಲಾರೆವು, ಬಾಲಿವುಡ್ ನಕಲೇ ಜಾಸ್ತಿ. ಆದರೂ ನಗಿಸುವ ಹಕ್ಕು ಮುಂಬಯಿಗೆ ಮಾತ್ರ ಇಲ್ಲ ಎಂದು ಅವರು ತೋರಿಸಿಕೊಟ್ಟರು.

ನಮಗೆ ಹೆಚ್ಚು ಹತ್ತಿರದ್ದು ಮಲಬಾರಿನ ಹೋಂ ಸಿನಿಮಾ. ಕೋಝಿಕ್ಕೋಡ್ ಜಿಲ್ಲೆಯ ಸಲಾಂ ಕೊಡಿಯತ್ತೂರ್ 2000ದಿಂದೀಚೆಗೆ ವರದಕ್ಷಿಣೆ, ಗಲ್ಫ್ ಗಂಡಂದಿರು, ಮನೆಯೊಳಗಿನ ಆಡಂಬರ ಇಂಥವನ್ನೇ ಕಥೆ ಮಾಡಿದರು. ಥಿಯೇಟರಿಗೆ ಹೋಗದ ಮನೆಗಳಿಗೆ ಸಿಡಿ ಮೂಲಕ ತಲುಪಿದರು, ಗಲ್ಫಿಗೂ ತಲುಪಿದರು. ಥಿಯೇಟರ್ ಬೇಡ ಎನ್ನುವ ಮನೆಯವರೂ ಕುಟುಂಬ ಸಮೇತ ಕೂತು ನೋಡಿದರು. ನಮ್ಮ ಕಡೆ ವರದಕ್ಷಿಣೆ ಬಗ್ಗೆ ಎಷ್ಟು ಖುತ್ಬಾ ಆಗಿದೆ, ಲೆಕ್ಕವಿಲ್ಲ. ಒಬ್ಬ ಹುಡುಗಿಯ ಉಪ್ಪ ಸಾಲ ಕೇಳಲು ಮನೆಮನೆ ಹತ್ತಿಳಿಯುವ ಹತ್ತು ನಿಮಿಷದ ಚಿತ್ರ ಬ್ಯಾರಿಯಲ್ಲಿ ಬಂದರೆ ಅದು ನಮ್ಮ ಮಾತಿಗಿಂತ ಆಳಕ್ಕೆ ಇಳಿಯಬಹುದು. ಇದನ್ನು ಹೇಳಲು ನಮಗೇನೂ ಸಂಕೋಚವಿಲ್ಲ.

ಒಂದು ಸೂಕ್ಷ್ಮ ಮಾತ್ರ ಇದೆ. ಒಳಕೋಣೆಯ ಹಾಡು ಒಳಕೋಣೆಯದ್ದೇ. ದೊಡ್ಡಮ್ಮನವರ ದನಿ ಊರ ಫೋನುಗಳಲ್ಲೆಲ್ಲಾ ಓಡಾಡುವುದು ಅವರಿಗೂ ಬೇಕಿರಲಿಲ್ಲ, ನಾವು ಅಂದು ಹೆದರಿದ್ದೂ ಅದಕ್ಕೇ. ಆದರೆ ಅದಕ್ಕೆ ಅಳಿಸುವುದೊಂದೇ ದಾರಿಯಾಗಿರಲಿಲ್ಲ. ಹಾಡುವವರನ್ನು ಮೊದಲು ಕೇಳಿ. ಮುಖ ಬೇಡವೆಂದರೆ ದನಿ ಮಾತ್ರ ಸಾಕು. ದನಿಯೂ ಹೊರಗೆ ಹೋಗಬಾರದೆಂದರೆ ಮೆಮೊರಿ ಕಾರ್ಡಿನಲ್ಲಿ ಹಾಕಿ ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಿ. ಅದೂ ಬೇಡವೇ, ಕೂತು ಬರೆದುಕೊಳ್ಳಿ. ಕನ್ನಡ ಲಿಪಿಯಲ್ಲಿ ಬ್ಯಾರಿ ಬರೆಯುವುದು ಕಷ್ಟವಲ್ಲ. ಹಾಡಿದವರ ಹೆಸರು, ಊರು, ಯಾರಿಂದ ಕಲಿತದ್ದು, ಯಾವ ತಾರೀಕು ಎಂದು ಮೊದಲೇ ಹೇಳಿಸಿಬಿಡಿ. ರಿವಾಯತ್‌ನವರು ಕೊನೆಯ ನುಡಿಯಲ್ಲಿ ಮಾಡುವುದೂ ಅದನ್ನೇ ತಾನೆ. 2007ರಲ್ಲಿ ಶುರುವಾದ ನಮ್ಮ ಬ್ಯಾರಿ ಸಾಹಿತ್ಯ ಅಕಾಡೆಮಿ ಇದೆ, ಸಂಗ್ರಹಿಸಿದ್ದನ್ನು ಅಲ್ಲಿಗೆ ಒಪ್ಪಿಸಬಹುದು. ಆದರೆ ಅಕಾಡೆಮಿಯವರು ಪ್ರತಿ ಮನೆಯ ಅಡುಗೆಕೋಣೆಗೆ ಬರಲಾರರು. ಅಲ್ಲಿಗೆ ಹೋಗಬಲ್ಲವರು ಮೊಮ್ಮಕ್ಕಳೇ.

ಈ ಸಲ ರಜೆಗೆ ಊರಿಗೆ ಹೋದಾಗ ಆ ಮೊಮ್ಮಗಳನ್ನು ಕಂಡೆವು. ಮದುವೆಯಾಗಿ ಒಂದು ಮಗು ಆಗಿದೆ. ಹಾಡು ಅಳಿಸಿದ ವಿಷಯ ಎತ್ತಿ ಮಾಫಿ ಕೇಳಿದೆವು. ಆಕೆ ನಕ್ಕಳು, ಮತ್ತೇನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಪಕ್ಕದ ಊರಲ್ಲಿ ದೊಡ್ಡಮ್ಮನ ಜೊತೆ ಹಾಡುತ್ತಿದ್ದ ಒಬ್ಬರು ಇನ್ನೂ ಇದ್ದಾರೆ, ಎಂಬತ್ತು ದಾಟಿದೆ, ಕಿವಿ ಮಂದ ಎಂದಳು. ಮರುದಿನ ಅಸರ್ ನಂತರ ಅವಳನ್ನೂ ಮಗುವನ್ನೂ ಆಟೋದಲ್ಲಿ ಕೂರಿಸಿಕೊಂಡು ಹೊರಟೆವು. ಫೋನು ಅವಳ ಕೈಯಲ್ಲೇ ಇತ್ತು.