ಆರಾಮಕುರ್ಚಿ ಯಾರ ಮನೆಯದು?

ಬೋಧನಾಭ್ಯಾಸದ ಎರಡನೇ ವಾರ ಕೆಜಿಎಫ್‌ನ ಶಾಲೆಯೊಂದರಲ್ಲಿ 7ನೇ ತರಗತಿಗೆ 'ಉಷ್ಣ' ಪಾಠ ಮಾಡಿದೆ. ಬೋಧನೋಪಕರಣವಾಗಿ ಎರಡು ಚಿತ್ರ ಒಯ್ದಿದ್ದೆ. ಒಂದು, ಬಂಗಾರಪೇಟೆಯ ನಮ್ಮ ಮನೆಯ ಬೆತ್ತದ ಆರಾಮಕುರ್ಚಿ. ಗಣಿ ಆಫೀಸಿನಲ್ಲಿ ಗುಮಾಸ್ತರಾಗಿದ್ದ ತಾತ ತಂದದ್ದು. ಇನ್ನೊಂದು, ಗಣಿ ಅಧಿಕಾರಿಗಳ ಹಳೆಯ ಬಂಗಲೆ. ಬೆತ್ತದ ಹೆಣಿಗೆಯಲ್ಲಿ ಗಾಳಿಯಾಡುತ್ತದೆ. ಬಿಸಿಗಾಳಿ ಎತ್ತರದ ಛಾವಣಿಗೇರಿ ಗವಾಕ್ಷಿಯಿಂದ ಹೊರಹೋಗುತ್ತದೆ. ಉಷ್ಣ ಸಂವಹನಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳೀಯ ಉದಾಹರಣೆ ಬೇಕೆ ಎಂದುಕೊಂಡೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿ ಕೆಲಸ ಆರಂಭಿಸಿದ ಮೇಲೆ ಬಂದ ಇಂಗ್ಲಿಷ್ ಎಂಜಿನಿಯರುಗಳು ತಮ್ಮ ನಾಡಿನ ಮಧ್ಯಮ ವರ್ಗದ ಮನೆಯನ್ನೇ ಇಲ್ಲಿ ಕಟ್ಟಿಕೊಂಡರು. ಅಗ್ಗಿಷ್ಟಿಕೆ, ಹೂದೋಟ, ಗೋಡೆಯ ಮೇಲೆ ಕಟ್ಟು ಹಾಕಿದ ಚಿತ್ರಗಳು. ನಮ್ಮ ಬಿಸಿಲಿಗೆ ವರಾಂಡ, ಬೆತ್ತದ ಕುರ್ಚಿ ಸೇರಿಕೊಂಡವು. ಊರಿಗೆ 'ಲಿಟಲ್ ಇಂಗ್ಲೆಂಡ್' ಎಂಬ ಹೆಸರೂ ಬಂತು. ಆ ಅಭಿರುಚಿ ನಮ್ಮಂಥ ಗುಮಾಸ್ತರ ಮನೆಗಳಿಗೂ ಇಳಿಯಿತು. ಆದರೆ ಸುರಂಗಕ್ಕೆ ಇಳಿದವರು ಬಾಳಿದ್ದು ಲೈನ್ ಮನೆಗಳಲ್ಲಿ, ಬಿದಿರು ತಟ್ಟಿಯ ಗೋಡೆಗಳ ನಡುವೆ. 2001ರಲ್ಲಿ ಗಣಿ ಮುಚ್ಚಿತು. ಲೈನುಗಳಲ್ಲಿ ಇಂದಿಗೂ ಜನರಿದ್ದಾರೆ.

"ನಿಮ್ಮ ಮನೆಯಲ್ಲೂ ಹೀಗೇ ತಾನೆ?" ಎಂದು ಕೇಳಿದೆ. ತರಗತಿ ಸುಮ್ಮನಾಯಿತು. ಕೊನೆಗೆ ಹಿಂದಿನ ಬೆಂಚಿನ ಹುಡುಗಿ ಎದ್ದಳು. "ನಮ್ಮನೇಲಿ ಕುರ್ಚಿ ಇಲ್ಲ ಮಿಸ್. ಬೇಸಿಗೇಲಿ ಅಮ್ಮ ಶೀಟ್ ಮೇಲೆ ಗೋಣಿಚೀಲ ಹಾಸಿ ನೀರು ಚೆಲ್ತಾರೆ." ತಗಡು ಕಾಯುವುದು, ವಿಕಿರಣ, ಆವಿಯಾಗುವಾಗ ಉಂಟಾಗುವ ತಂಪು ಎಲ್ಲವೂ ಆ ಒಂದು ಮಾತಿನಲ್ಲಿತ್ತು. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. "ಸರಿ, ಕೂತ್ಕೋ" ಎಂದು ಮುಂದೆ ಹೋದೆ. ಮೇಲ್ವಿಚಾರಕರು 'ಉಪಕರಣ ಚೆನ್ನಾಗಿದೆ' ಎಂದು ಷರಾ ಬರೆದರು. ಆ ಷರಾ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮನೆಯ ವಿಷಯ ಕೇಳಿದರೆ ಬಡಮಕ್ಕಳಿಗೆ ಮುಜುಗರವಾಗುತ್ತದೆ ಎಂದು ಸಹಪಾಠಿಗಳು ಹೇಳಿದರು. ನಿಜ, "ನಿಮ್ಮ ಮನೆಯಲ್ಲಿ ಏನೇನಿದೆ?" ಎಂದರೆ ಆಗುತ್ತದೆ. "ಬೇಸಿಗೆಯಲ್ಲಿ ಮನೆ ತಂಪಾಗಿರಲು ಏನು ಮಾಡುತ್ತೀರಿ?" ಎಂದು ಕೇಳಿದರೆ ಪ್ರತಿ ಮಗುವಿಗೂ ಉತ್ತರವಿರುತ್ತದೆ. ಮೊದಲನೆಯದು ಆಸ್ತಿಯ ಲೆಕ್ಕ, ಎರಡನೆಯದು ಅನುಭವದ ಲೆಕ್ಕ.

ಬಂಗಲೆಯ ಚಿತ್ರ ತರಗತಿಗೆ ಬರಬಾರದೆಂದಲ್ಲ. ಅದು ಈ ಮಕ್ಕಳ ಊರಿನ ಚರಿತ್ರೆಯೇ. ಆದರೆ ಪಕ್ಕದಲ್ಲಿ ಲೈನ್ ಮನೆಯ ಚಿತ್ರವೂ ಇರಲಿ. ಎರಡನ್ನೂ ಹೋಲಿಸುವುದೇ ಪಾಠವಾಗಲಿ. ಪಾಠಯೋಜನೆಯ 'ಸ್ಥಳೀಯ ಸಂಪನ್ಮೂಲ' ಅಂಕಣ ತುಂಬುವ ಮುನ್ನ ನಾವು ಕೇಳಿಕೊಳ್ಳಬೇಕು: ಇದು ಯಾರಿಗೆ ಸ್ಥಳೀಯ? ನನ್ನ ಆರಾಮಕುರ್ಚಿ ಆ ಹುಡುಗಿಯ ಲೈನಿನಿಂದ ರೈಲಿನಲ್ಲಿ ಕೆಲವೇ ನಿಲ್ದಾಣ ದೂರ. ಆದರೂ ಅವಳಿಗದು ಪರವೂರಿನ ವಸ್ತು.