ಗೆಳತಿಯ ಬಾಗಿಲಿಗೆ ಗೆಳತಿಯನ್ನೇ ಅಟ್ಟುವ ಸಾಲ

ಕಂತಿನ ದಿನ ಬಂತೆಂದರೆ ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ ಸೀಮೆಯ ಓಣಿಗಳಲ್ಲಿ ಈಗ ಎರಡು ದನಿ. ಒಬ್ಬಾಕೆ, “ಯಾರೂ ಕಂತು ಕಟ್ಟಬ್ಯಾಡ್ರಿ, ಏನ್ ಮಾಡ್ತಾರ ನೋಡೋಣು” ಅನ್ನುತ್ತಾಳೆ. ಅದೇ ಸಂಘದ ಇನ್ನೊಬ್ಬಾಕೆ, “ನೀ ಕಟ್ಟಲಿಲ್ಲಂದ್ರ ನಿನ್ನ ಪಾಲು ನಾ ತುಂಬಬೇಕು. ನಾಳೆ ನನಗ ಸಾಲ ಯಾರು ಕೊಡ್ತಾರ?” ಎಂದು ತಿರುಗಿ ಬೀಳುತ್ತಾಳೆ. ಒಂದೇ ಹೊಲದಲ್ಲಿ ಕಳೆ ತೆಗೆದವರು, ಒಬ್ಬರ ಕೂಸನ್ನು ಇನ್ನೊಬ್ಬರು ಎತ್ತಿ ಆಡಿಸಿದವರು ಇವರು. ಪೇಟೆಯ ಜನ ಇದನ್ನು ಹೆಂಗಸರ ಜಗಳ ಎಂದು ನಕ್ಕು ಮುಂದೆ ಹೋಗುತ್ತಾರೆ.

ಈ ಜಗಳವನ್ನು ಸಾಲದ ಕರಾರೇ ಹುಟ್ಟಿಸಿದೆ. ಮೈಕ್ರೋಫೈನಾನ್ಸ್ ಕಂಪನಿಗಳು ಅಡವು ಕೇಳುವುದಿಲ್ಲ, ಹೊಲದ ಉತಾರ ಕೇಳುವುದಿಲ್ಲ. ಕೇಳುವುದು ಗೆಳತಿಯರನ್ನು. ಒಬ್ಬಾಕೆ ತಪ್ಪಿದರೆ ಉಳಿದವರು ತುಂಬಬೇಕು. ತುಂಬುವ ತನಕ ಸಭೆ ಮುಗಿಯುವುದಿಲ್ಲ. ಹೀಗಾಗಿ ವಸೂಲಿಯ ಏಜೆಂಟ್ ದನಿ ಏರಿಸುವ ಅಗತ್ಯವೇ ಇಲ್ಲ. ಪಕ್ಕದ ಮನೆಯಾಕೆ ಬಂದು ಕಟ್ಟೆಯ ಮೇಲೆ ಕೂತರೆ ಸಾಕು, ಮರ್ಯಾದೆ ಹರಾಜಾಗುತ್ತದೆ.

ಇದರ ಮೇಲೆ ಗುಟ್ಟಿನ ಮುಸುಕು ಬೇರೆ. ಒಂದು ಕಂಪನಿಯ ಕಂತಿಗೆ ಇನ್ನೊಂದರ ಸಾಲ, ಅದನ್ನು ತೀರಿಸಲು ಮೀಟರ್ ಬಡ್ಡಿಯ ಕೈಗಡ. ಅರ್ಜಿಯಲ್ಲಿ ಎಮ್ಮೆ ಎಂದಿರುತ್ತದೆ. ಹಣ ಹೋದದ್ದು ಮಗಳ ಬಾಣಂತನಕ್ಕೆ, ಮಾವನ ಆಪರೇಷನ್ನಿಗೆ, ಗಂಡನ ಬೋರ್‌ವೆಲ್ಲಿಗೆ. ಒಬ್ಬಳ ಹೆಸರಲ್ಲಿ ಎತ್ತಿದ್ದು ಎಷ್ಟೋ ಸಲ ಇನ್ನೊಬ್ಬಳ ಮನೆ ಸೇರಿರುತ್ತದೆ. ಊರಿನ ತಲೆಯ ಮೇಲೆ ಒಟ್ಟು ಎಷ್ಟು ಸಾಲವಿದೆ ಎಂಬುದು ಪಂಚಾಯ್ತಿಗೆ ಗೊತ್ತಿಲ್ಲ. ಸಾಲಗಳ ದಾಖಲೆ ಇಡುವ ಮುಂಬೈಯ ಕ್ರೆಡಿಟ್ ಬ್ಯೂರೋಗೆ ಊರಿನವರಿಗಿಂತ ಹೆಚ್ಚು ಗೊತ್ತು!

ಕಟ್ಟಬೇಡಿ ಎನ್ನುವವರು ನೆನಪಿಸುವುದು 1980ನ್ನು. ಆ ನೆನಪು ದೊಡ್ಡದೇ. ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ಅಭಿವೃದ್ಧಿ ಕರ ಕೊಡೆವೆಂದು ರೈತರು ನಿಂತರು, ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರಾಯಿತು, ಬಸಪ್ಪ ಲಕ್ಕುಂಡಿ ಪ್ರಾಣ ಬಿಟ್ಟರು. 1983ರ ಹೊತ್ತಿಗೆ ಆಗಿನ ಮುಖ್ಯಮಂತ್ರಿ ಗುಂಡೂರಾವ್ ಅವರ ಸರಕಾರವೇ ಇರಲಿಲ್ಲ. ಆದರೆ ಅಂದು ಕರ ಕೇಳಿದವನು ತಹಶೀಲ್ದಾರ. ಒಬ್ಬ ಕಟ್ಟದಿದ್ದರೆ ಅವನ ಪಾಲು ಬದುವಿನಾಚೆಯವನ ತಲೆಗೆ ಬೀಳುತ್ತಿರಲಿಲ್ಲ. ಇಂದು ಒಬ್ಬಾಕೆ ಬಂಡೆದ್ದರೆ ಮೊದಲ ಪೆಟ್ಟು ಗೆಳತಿಗೆ. ಆಂಧ್ರದಲ್ಲಿ 2010ರ ಮೈಕ್ರೋಫೈನಾನ್ಸ್ ಕಾಯ್ದೆಯ ನಂತರ ಮರುಪಾವತಿ ಕುಸಿಯಿತು, ಹೊಸ ಸಾಲವೂ ಬತ್ತಿತು. ಇಷ್ಟನ್ನು ಹೇಳದೆ ‘ಕಟ್ಟಬೇಡಿ’ ಎಂದು ಭಾಷಣ ಬಿಗಿಯುವವರು ಬೇರೆಯವರ ಮನೆಯ ಮೇಲೆ ಪಂಥ ಕಟ್ಟುತ್ತಿದ್ದಾರೆ.

ಹಾಗೆಂದು, ಮರ್ಯಾದೆ ಮುಖ್ಯ, ಸುಮ್ಮನೆ ತುಂಬಿ ಎನ್ನುವವರ ಪಕ್ಷ ನಾನು ವಹಿಸಲಾರೆ. ಈ ಎರಡರಲ್ಲಿ ಹೆಚ್ಚು ಹಾನಿ ಮಾಡುತ್ತಿರುವುದು ಅದೇ ಮಾತು. ಬಾಯಿ ಮುಚ್ಚಿ ತುಂಬುವವಳೇ ಮೂರನೆಯ ಕಂಪನಿಯ ಬಾಗಿಲಿಗೆ ಹೋಗುವುದು, ಮನೆಗೆ ಬೀಗ ಹಾಕಿ ಗೋವೆಗೋ ಬೆಂಗಳೂರಿಗೋ ರಾತ್ರೋರಾತ್ರಿ ಬಸ್ಸು ಹತ್ತುವುದು.

ಕಾನೂನು ಬಂದಿದೆಯಲ್ಲ ಎನ್ನಬಹುದು. ರಾಜ್ಯಪಾಲರು ಒಮ್ಮೆ ಹಿಂದಕ್ಕೆ ಕಳಿಸಿದ ಸುಗ್ರೀವಾಜ್ಞೆಗೆ 2025ರ ಫೆಬ್ರುವರಿಯಲ್ಲಿ ಅಂಕಿತ ಬಿತ್ತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕುಗಳು, ಹಣಕಾಸು ಕಂಪನಿಗಳು ಅದರ ಹೊರಗೆ. ಅವಕ್ಕೆ ರಿಸರ್ವ್ ಬ್ಯಾಂಕಿನ 2022ರ ನಿಯಮ: ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಪೀಡಿಸಬಾರದು, ಕಂತುಗಳೆಲ್ಲ ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಎರೆಮಣ್ಣಿನ ಸೀಮೆಯಲ್ಲಿ ತಿಂಗಳ ಆದಾಯ ಎಂಬುದೊಂದು ಇದೆಯೆಂದು ಇವರಿಗೆ ಯಾರು ಹೇಳಿದರೋ! ಹೆಸರು ಮನೆಗೆ ಬರುವುದು ಆಗಸ್ಟ್ ಹೊತ್ತಿಗೆ, ಕಡಲೆ, ಮೆಣಸಿನಕಾಯಿ ಬರುವುದು ಸಂಕ್ರಾಂತಿಯ ಆಸುಪಾಸು. ಕಂತು ಮಾತ್ರ ವಾರ ವಾರವೂ ಬರುತ್ತದೆ.

ಗಂಡನ ಸಾಲ ನೋಡಿ. ಉತಾರ ಅವನ ಹೆಸರಲ್ಲಿದೆ, ಸೊಸೈಟಿಯಲ್ಲಿ 5 ಲಕ್ಷದವರೆಗೆ ಬಡ್ಡಿಯೇ ಇಲ್ಲ, ತೀರಿಸುವುದು ಫಸಲು ಬಂದ ಮೇಲೆ. 2018ರ ಸಾಲಮನ್ನಾ ಬೆಳೆಸಾಲದ್ದು, ಅಂದರೆ ಹೆಚ್ಚಾಗಿ ಅವನದೇ. ಅದೇ ಹೊಲದಲ್ಲಿ ಬೆನ್ನು ಬಗ್ಗಿಸಿದ ಹೆಂಡತಿ ನೂರಕ್ಕೆ ಇಪ್ಪತ್ತರ ಮೇಲಿನ ಬಡ್ಡಿ ಕಟ್ಟುತ್ತಾಳೆ. ಯಾವ ರೈತ ಸಂಘಟನೆ ಈ ಭೇದವನ್ನು ತನ್ನ ಬೇಡಿಕೆಯ ಮೊದಲ ಸಾಲಿನಲ್ಲಿ ಬರೆದಿದೆ?

ನೆರೆಯವರ ಜಾಮೀನು ನಮಗೆ ಹೊಸತಲ್ಲ. ಆಗ ಧಾರವಾಡ ಜಿಲ್ಲೆಗೇ ಸೇರಿದ್ದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘವೂ ಸದಸ್ಯರ ಪರಸ್ಪರ ಹೊಣೆಯ ಮೇಲೆಯೇ ನಿಂತಿತ್ತು. ಆದರೆ ಅದರ ಲೆಕ್ಕದ ಪುಸ್ತಕ ಊರಲ್ಲೇ ಇತ್ತು, ಲಾಭವೂ ಊರಿನದೇ ಆಗಿತ್ತು. ಇಂದು ಹೊಣೆ ಮಾತ್ರ ಊರಿನದು.

ಹಾಗಾಗಿ ಜಗಳದ ಜಾಗ ಬದಲಾಗಲಿ. ಅಣ್ಣಿಗೇರಿಯಿಂದ ಕಲಘಟಗಿಯವರೆಗೆ ಪ್ರತಿ ಪಂಚಾಯ್ತಿ ಮಹಿಳಾ ಗ್ರಾಮಸಭೆ ಕರೆದು ಊರಲ್ಲಿ ಯಾವ ಕಂಪನಿ ಎಷ್ಟು ಸಾಲ ಹಂಚಿದೆ ಎಂದು ಬರೆದಿಡಲಿ. ಸಾಲಗಾರ್ತಿಯರ ಹೆಸರು ಬೇಡ, ಮೊತ್ತ ಸಾಕು. ಕಂಪನಿಗಳ ಮುಂದೆ ಎರಡೇ ಷರತ್ತು ಇಡಲಿ: ಒಬ್ಬಳ ಬಾಕಿಯನ್ನು ಇನ್ನೊಬ್ಬಳಿಂದ ಕೇಳಕೂಡದು, ಕಂತು ಸುಗ್ಗಿಗೆ ಹೊಂದಬೇಕು. ಇದಕ್ಕೆ ಒಪ್ಪದ ಕಂಪನಿಗೆ ಸಂಘದ ಸಭೆಗೆಂದು ಗುಡಿಯ ಕಟ್ಟೆ, ಸಮುದಾಯ ಭವನ ಬಿಟ್ಟುಕೊಡುವುದನ್ನು ಊರು ಮುಂದಿನ ವಾರದಿಂದಲೇ ನಿಲ್ಲಿಸಬಹುದು. ಅದಕ್ಕೆ ರಿಸರ್ವ್ ಬ್ಯಾಂಕಿನ ಅಪ್ಪಣೆ ಬೇಕಿಲ್ಲ.