ನಿವೃತ್ತ ನಾಯಕರ ಹೆಸರು, ಸಾರ್ವಜನಿಕರ ಕಟ್ಟಡ: ನಾಮಕರಣಕ್ಕೊಂದು ನಿಯಮ ಬೇಡವೇ?

ಸಾರ್ವಜನಿಕ ಹಣದಲ್ಲಿ ಕಟ್ಟಿದ ಕಟ್ಟಡಕ್ಕೆ ಜೀವಂತ ರಾಜಕಾರಣಿಯೊಬ್ಬರ ಹೆಸರಿಡುವುದು ಎಷ್ಟು ಸರಿ? ಈ ಪ್ರಶ್ನೆಗೆ ಕರ್ನಾಟಕದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಎರಡು ಬಾರಿ ಉತ್ತರ ಹುಡುಕುವ ಸಂದರ್ಭ ಒದಗಿತು. ಎರಡು ಬಾರಿಯೂ ಚರ್ಚೆ ವ್ಯಕ್ತಿಯ ಪರ ಮತ್ತು ವಿರೋಧಕ್ಕೆ ಸೀಮಿತವಾಯಿತೇ ಹೊರತು ನಿಯಮದ ಕಡೆಗೆ ಹೊರಳಲಿಲ್ಲ.

ಮೊದಲನೆಯದು ಶಿವಮೊಗ್ಗದ ವಿಮಾನ ನಿಲ್ದಾಣದ ಪ್ರಕರಣ. ಸೋಗಾನೆಯಲ್ಲಿ ನಿಲ್ದಾಣದ ಕಾಮಗಾರಿ ನಡೆಯುತ್ತಿದ್ದಾಗಲೇ, 2022ರ ಏಪ್ರಿಲ್‌ನಲ್ಲಿ, ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಅದಕ್ಕೆ ಬಿ.ಎಸ್. ಯಡಿಯೂರಪ್ಪ ಅವರ ಹೆಸರಿಡುವುದಾಗಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಯಡಿಯೂರಪ್ಪನವರು ಪತ್ರ ಬರೆದು, ತಮ್ಮ ಹೆಸರು ಬೇಡ, ನಾಡಿಗೆ ಹೆಚ್ಚಿನ ಕೊಡುಗೆ ನೀಡಿದ ಮಹನೀಯರ ಹೆಸರಿಡಿ ಎಂದು ಕೋರಿದರು. ಕೊನೆಗೆ ಆಯ್ಕೆಯಾದದ್ದು ಕುವೆಂಪು ಅವರ ಹೆಸರು. 2023ರ ಫೆಬ್ರವರಿ 27ರಂದು, ಅಂದರೆ ಯಡಿಯೂರಪ್ಪನವರ ಎಂಬತ್ತನೆಯ ಹುಟ್ಟುಹಬ್ಬದ ದಿನ, ಪ್ರಧಾನಿ ನರೇಂದ್ರ ಮೋದಿ ನಿಲ್ದಾಣವನ್ನು ಉದ್ಘಾಟಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಧಾನಸಭೆಯು ಶಿವಮೊಗ್ಗ, ಬೆಳಗಾವಿ, ಹುಬ್ಬಳ್ಳಿ ಮತ್ತು ವಿಜಯಪುರ ನಿಲ್ದಾಣಗಳಿಗೆ ಕ್ರಮವಾಗಿ ಕುವೆಂಪು, ಕಿತ್ತೂರು ರಾಣಿ ಚನ್ನಮ್ಮ, ಸಂಗೊಳ್ಳಿ ರಾಯಣ್ಣ ಮತ್ತು ಬಸವೇಶ್ವರರ ಹೆಸರಿಡಲು ಕೇಂದ್ರಕ್ಕೆ ಶಿಫಾರಸು ಮಾಡುವ ನಿರ್ಣಯವನ್ನು ಅಂಗೀಕರಿಸಿತು.

ಎರಡನೆಯದು ಮೈಸೂರಿನ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ 'ಸಿದ್ದರಾಮಯ್ಯ ಆರೋಗ್ಯ ಮಾರ್ಗ' ಎಂದು ಹೆಸರಿಡುವ ಪ್ರಸ್ತಾವ. 2024ರ ಡಿಸೆಂಬರ್‌ನಲ್ಲಿ ಮಹಾನಗರ ಪಾಲಿಕೆ ಈ ಬಗ್ಗೆ ಸಾರ್ವಜನಿಕರಿಂದ ಆಕ್ಷೇಪಣೆ ಆಹ್ವಾನಿಸಿದಾಗ ಸಿದ್ದರಾಮಯ್ಯನವರು ಮುಖ್ಯಮಂತ್ರಿ ಸ್ಥಾನದಲ್ಲಿದ್ದರು. ಪಾಲಿಕೆಯಲ್ಲಿ ಆಗ ಚುನಾಯಿತ ಸದಸ್ಯರೇ ಇರಲಿಲ್ಲ; ಆಡಳಿತಾಧಿಕಾರಿಯ ಆಳ್ವಿಕೆ ನಡೆದಿತ್ತು. ಅದು 'ಪ್ರಿನ್ಸೆಸ್ ರಸ್ತೆ', ರಾಜಮನೆತನದ ಕೃಷ್ಣಾಜಮ್ಮಣ್ಣಿ ಅವರ ನೆನಪಿನದು ಎಂದು ಹಲವರು ಆಕ್ಷೇಪಿಸಿದರು.

ಹೀಗೆ ಒಂದು ಬಿಜೆಪಿ ಸರ್ಕಾರದ ಕಾಲದ್ದು, ಇನ್ನೊಂದು ಕಾಂಗ್ರೆಸ್ ಸರ್ಕಾರದ ಕಾಲದ್ದು. ಆದ್ದರಿಂದ ಇದನ್ನು ಒಂದು ಪಕ್ಷದ ಚಾಳಿ ಎನ್ನುವಂತಿಲ್ಲ.

ಪರವಾದ ವಾದ

ನಾಮಕರಣವನ್ನು ಬೆಂಬಲಿಸುವವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಯಡಿಯೂರಪ್ಪನವರು 1983ರಿಂದ ಶಿಕಾರಿಪುರ ಕ್ಷೇತ್ರದಿಂದ ಎಂಟು ಬಾರಿ ವಿಧಾನಸಭೆಗೆ ಆಯ್ಕೆಯಾದವರು. ನಾಲ್ಕು ಬಾರಿ ಮುಖ್ಯಮಂತ್ರಿಯಾದವರು. ವಿಮಾನ ನಿಲ್ದಾಣದ ಯೋಜನೆ 2008ರ ನಂತರ ಅವರ ಅಧಿಕಾರಾವಧಿಯಲ್ಲಿ ಮೊಳಕೆಯೊಡೆದು, ವರ್ಷಗಟ್ಟಲೆ ನನೆಗುದಿಗೆ ಬಿದ್ದು, 2020ರಲ್ಲಿ ಅವರೇ ಮುಖ್ಯಮಂತ್ರಿಯಾಗಿದ್ದಾಗ ಮತ್ತೆ ಚಾಲನೆ ಪಡೆಯಿತು. 3,200 ಮೀಟರ್ ಉದ್ದದ ರನ್‌ವೇ ಹೊಂದಿದ ನಿಲ್ದಾಣ ಮಲೆನಾಡಿನ ಒಂದು ಜಿಲ್ಲಾ ಕೇಂದ್ರಕ್ಕೆ ಬಂದುದರ ಹಿಂದೆ ಅವರ ಒತ್ತಾಸೆ ಇತ್ತೆಂಬುದನ್ನು ವಿರೋಧಿಗಳೂ ಅಲ್ಲಗಳೆಯಲಾರರು. ಬದುಕಿರುವಾಗಲೇ ಕೃತಜ್ಞತೆ ಸಲ್ಲಿಸಿದರೆ ತಪ್ಪೇನು? ಸತ್ತ ಮೇಲೆ ಹೊಗಳುವುದಕ್ಕಿಂತ ಅದೇ ಮೇಲಲ್ಲವೇ? ಎಂಬುದು ಅಭಿಮಾನಿಗಳ ಪ್ರಶ್ನೆ.

ಎಡವುವುದು ಎಲ್ಲಿ?

ಆದರೆ ಕೃತಜ್ಞತೆ ಸಲ್ಲಿಸುತ್ತಿರುವವರು ಯಾರು ಎಂಬಲ್ಲಿಂದಲೇ ತೊಡಕು ಆರಂಭವಾಗುತ್ತದೆ. ದಾನಿಯೊಬ್ಬ ತನ್ನ ಹಣದಲ್ಲಿ ಕಟ್ಟಿಸಿದ ಛತ್ರಕ್ಕೆ ತನ್ನ ಹೆಸರಿಟ್ಟುಕೊಂಡರೆ ಯಾರೂ ಪ್ರಶ್ನಿಸುವುದಿಲ್ಲ. ಶಾಸಕ ಖರ್ಚು ಮಾಡುವುದು ತೆರಿಗೆದಾರರ ಹಣವನ್ನು. ಆತ ದಾನಿಯಲ್ಲ, ಧರ್ಮದರ್ಶಿ. ಹೆಸರಿಡುವ ತೀರ್ಮಾನ ಕೈಗೊಳ್ಳುವವರು ಬಹುತೇಕ ಅದೇ ಪಕ್ಷದ ಸಹೋದ್ಯೋಗಿಗಳು, ಇಲ್ಲವೇ ಅದೇ ಸರ್ಕಾರದ ಅಧೀನದಲ್ಲಿರುವ ಅಧಿಕಾರಿಗಳು. ಶಿವಮೊಗ್ಗದ ಪ್ರಕಟಣೆ ಹೊರಡಿಸಿದವರು ಯಡಿಯೂರಪ್ಪನವರ ಉತ್ತರಾಧಿಕಾರಿ. ಮೈಸೂರಿನ ಪ್ರಸ್ತಾವ ಬಂದದ್ದು ಸರ್ಕಾರವೇ ನೇಮಿಸಿದ ಆಡಳಿತದಿಂದ. ಇಂಥ ಗೌರವದಲ್ಲಿ ಅಭಿಮಾನವೆಷ್ಟು, ಓಲೈಕೆಯೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಎರಡನೆಯ ತೊಡಕು, ನಿವೃತ್ತಿ ಎಂಬ ಪದದ್ದು. ನಮ್ಮ ರಾಜಕಾರಣದಲ್ಲಿ ನಿವೃತ್ತಿ ಪೂರ್ಣವಿರಾಮವಲ್ಲ. ಚುನಾವಣೆಗೆ ಸ್ಪರ್ಧಿಸುವುದಿಲ್ಲವೆಂದು ಯಡಿಯೂರಪ್ಪನವರು 2022ರ ಜುಲೈನಲ್ಲಿ ಪ್ರಕಟಿಸಿದ ಮರು ತಿಂಗಳೇ ಬಿಜೆಪಿಯ ಸಂಸದೀಯ ಮಂಡಳಿಗೆ ನೇಮಕಗೊಂಡರು. 2023ರಲ್ಲಿ ಶಿಕಾರಿಪುರದಿಂದ ಗೆದ್ದ ಅವರ ಪುತ್ರ ಬಿ.ವೈ. ವಿಜಯೇಂದ್ರ ಅದೇ ವರ್ಷ ರಾಜ್ಯ ಘಟಕದ ಅಧ್ಯಕ್ಷರಾದರು. ಇನ್ನೊಬ್ಬ ಪುತ್ರ ಬಿ.ವೈ. ರಾಘವೇಂದ್ರ 2024ರಲ್ಲಿ ಶಿವಮೊಗ್ಗದಿಂದ ಮತ್ತೆ ಲೋಕಸಭೆಗೆ ಆಯ್ಕೆಯಾದರು. ನಿಲ್ದಾಣಕ್ಕೆ ತಂದೆಯ ಹೆಸರಿದ್ದಿದ್ದರೆ ಅದು ಪ್ರತಿ ಚುನಾವಣೆಯಲ್ಲೂ ಬಿಟ್ಟಿ ಪ್ರಚಾರ ಫಲಕವಾಗುತ್ತಿತ್ತು. 2012ರ ಜನವರಿಯಲ್ಲಿ ಉತ್ತರ ಪ್ರದೇಶದ ಚುನಾವಣೆಗೆ ಮುನ್ನ ಮಾಯಾವತಿ ಅವರ ಪ್ರತಿಮೆಗಳಿಗೂ ಪಕ್ಷದ ಚಿಹ್ನೆಯಾದ ಆನೆಯ ಪ್ರತಿಮೆಗಳಿಗೂ ಮುಸುಕು ಹಾಕುವಂತೆ ಚುನಾವಣಾ ಆಯೋಗ ಆದೇಶಿಸಿತ್ತು. ಪ್ರತಿಮೆಗೆ ಬಟ್ಟೆ ಹೊದಿಸಬಹುದು. ವಿಮಾನದ ಟಿಕೆಟ್ಟಿನಲ್ಲಿ ಮುದ್ರಿತವಾಗುವ ಹೆಸರಿಗೆ ಹೊದಿಸುವುದೇನನ್ನು?

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಬದುಕಿರುವವರ ಬದುಕು ಮುಗಿದಿರುವುದಿಲ್ಲ. ಅದರ ಲೆಕ್ಕಪರಿಶೋಧನೆಯೂ ಮುಗಿದಿರುವುದಿಲ್ಲ. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯ ಹಿನ್ನೆಲೆಯಲ್ಲಿ ಯಡಿಯೂರಪ್ಪನವರು 2011ರಲ್ಲಿ ರಾಜೀನಾಮೆ ನೀಡಿದರು. 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಗಣಿ ಕಂಪನಿಯ ದೇಣಿಗೆಗೆ ಸಂಬಂಧಿಸಿದ ಪ್ರಕರಣದಲ್ಲಿ ಅವರನ್ನು ಖುಲಾಸೆಗೊಳಿಸಿತು. 2024ರ ಮಾರ್ಚ್‌ನಲ್ಲಿ ಪೋಕ್ಸೊ ಕಾಯ್ದೆಯಡಿ ಅವರ ವಿರುದ್ಧ ಪ್ರಕರಣ ದಾಖಲಾಯಿತು. ಆರೋಪವನ್ನು ಅವರು ನಿರಾಕರಿಸಿದ್ದಾರೆ. ತೀರ್ಪು ನೀಡಬೇಕಾದುದು ನ್ಯಾಯಾಲಯ, ಸಾರ್ವಜನಿಕ ಅಭಿಪ್ರಾಯವಲ್ಲ. ಆದರೆ ಒಂದು ಸಾರ್ವಜನಿಕ ಸಂಸ್ಥೆ ವ್ಯಕ್ತಿಯೊಬ್ಬರ ಮುಂದಿನ ಏಳುಬೀಳುಗಳಿಗೆ ತನ್ನ ಫಲಕವನ್ನು ಗಂಟುಹಾಕಿಕೊಳ್ಳುವುದು ಏಕೆ? ಆರೋಪ ಸುಳ್ಳಾದರೂ ನಿಜವಾದರೂ ನಡುವಿನ ವರ್ಷಗಳಲ್ಲಿ ಮುಜುಗರ ಸಂಸ್ಥೆಯದ್ದೇ.

ಕಾನೂನು ಏನೆನ್ನುತ್ತದೆ?

ಹೀಗೆ ಮಾಡಬಾರದೆಂದು ನ್ಯಾಯಾಲಯವೂ ಹೇಳಿಲ್ಲ. ಸರ್ಕಾರಿ ಯೋಜನೆಗಳಿಗೆ ಜೀವಂತ ವ್ಯಕ್ತಿಗಳ ಹೆಸರು ಬಳಸಬಾರದೆಂದು ಮದ್ರಾಸ್ ಹೈಕೋರ್ಟ್ ನೀಡಿದ್ದ ಮಧ್ಯಂತರ ಆದೇಶವನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ರದ್ದುಗೊಳಿಸಿ, ಅರ್ಜಿ ಸಲ್ಲಿಸಿದ್ದ ಅಣ್ಣಾ ಡಿಎಂಕೆ ಸಂಸದರಿಗೆ 10 ಲಕ್ಷ ರೂಪಾಯಿ ದಂಡ ವಿಧಿಸಿತು. ದೇಶದೆಲ್ಲೆಡೆ ಇರುವ ರೂಢಿಗೆ ಒಂದೇ ಪಕ್ಷವನ್ನು ಗುರಿಮಾಡಿದ್ದು ಸರಿಯಲ್ಲ ಎಂಬುದು ಅದರ ನಿಲುವಾಗಿತ್ತು. ರಾಜಕೀಯ ಕದನಗಳನ್ನು ನ್ಯಾಯಾಲಯಕ್ಕೆ ತರಬೇಡಿ ಎಂಬ ಆ ಸಂದೇಶದ ಅರ್ಥ ಸ್ಪಷ್ಟ: ಈ ಮಿತಿಯನ್ನು ಶಾಸಕಾಂಗವೇ ಹಾಕಿಕೊಳ್ಳಬೇಕು.

ಊರುಗಳ ಹೆಸರು ಬದಲಾವಣೆಯ ವಿಷಯದಲ್ಲಿ ಕೇಂದ್ರ ಗೃಹ ಸಚಿವಾಲಯ 1953ರಷ್ಟು ಹಿಂದೆಯೇ ಮಾರ್ಗಸೂಚಿ ಹೊರಡಿಸಿತ್ತು. ರಾಷ್ಟ್ರೀಯ ನಾಯಕರ ಮೇಲಿನ ಗೌರವವೊಂದೇ ಹೆಸರು ಬದಲಿಸಲು ಕಾರಣವಾಗಬಾರದು ಎಂಬುದು ಅದರ ಆಶಯ. ಹಳ್ಳಿಗೆ ಇರುವ ಈ ವಿವೇಕ ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣಗಳಿಗೂ ಸಲ್ಲಬೇಕು.

ಬೇಕಾಗಿರುವುದು ಕಠಿಣವಾದ ಕಾಯ್ದೆಯೇನಲ್ಲ. ಬದುಕಿರುವವರ ಹೆಸರಿಡುವುದಿಲ್ಲ, ನಿಧನದ ನಂತರವೂ ನಿರ್ದಿಷ್ಟ ವರ್ಷ ಕಾಯುವುದು, ಚುನಾಯಿತ ಸಂಸ್ಥೆ ಇಲ್ಲದಾಗ ನಾಮಕರಣ ಮಾಡುವಂತಿಲ್ಲ, ಜನ ರೂಢಿಯಲ್ಲಿ ಕರೆಯುತ್ತ ಬಂದ ಹೆಸರನ್ನು ಅಳಿಸುವಂತಿಲ್ಲ, ಆಕ್ಷೇಪಣೆಗಳಿಗೆ ಲಿಖಿತ ಉತ್ತರ ಕಡ್ಡಾಯ. ಈ ಐದು ಅಂಶಗಳನ್ನು ಎಲ್ಲ ಪಕ್ಷಗಳೂ ಒಪ್ಪಿದರೆ ಒಂದು ಸರ್ಕಾರ ಹಾಕಿದ ಫಲಕವನ್ನು ಮುಂದಿನ ಸರ್ಕಾರ ಕಿತ್ತುಹಾಕುವ ಪ್ರಸಂಗವೂ ತಪ್ಪುತ್ತದೆ. ದೀರ್ಘಕಾಲ ದುಡಿದ ಶಾಸಕರನ್ನು ಗೌರವಿಸಲು ಬೇರೆ ದಾರಿಗಳಿವೆ. ಸದನದಲ್ಲಿ ಅವರಾಡಿದ ಮಾತುಗಳನ್ನು ಸಂಪುಟಗಳಾಗಿ ಪ್ರಕಟಿಸುವುದು ಅಂಥದ್ದೊಂದು. ಶಿವಮೊಗ್ಗ ಜಿಲ್ಲೆಯವರೇ ಆದ ಶಾಂತವೇರಿ ಗೋಪಾಲಗೌಡರನ್ನು ನಾಡು ನೆನೆಯುವುದು ಗೇಣಿದಾರರ ಪರವಾದ ಅವರ ಹೋರಾಟ ಮತ್ತು ಸದನದ ಮಾತುಗಳಿಂದಲೇ ಹೊರತು ಕಟ್ಟಡದಿಂದಲ್ಲ.

ಇನ್ನೂ ದೊಡ್ಡ ನಿದರ್ಶನ ಬೆಂಗಳೂರಿನಲ್ಲೇ ಇದೆ. 1951ರಲ್ಲಿ ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ನೆರವೇರಿಸಿದ ಶಾಸಕಾಂಗ ಭವನಕ್ಕೆ ಇಂದಿನ ರೂಪ ಕೊಟ್ಟವರು ಕೆಂಗಲ್ ಹನುಮಂತಯ್ಯ. ಅದರ ವೆಚ್ಚದ ಬಗ್ಗೆ ಟೀಕೆ ಎದುರಿಸಿ, ಕಟ್ಟಡ ಪೂರ್ಣಗೊಂಡ 1956ರಲ್ಲೇ ಅಧಿಕಾರ ಕಳೆದುಕೊಂಡವರೂ ಅವರೇ. ಕಟ್ಟಡಕ್ಕೆ ಅವರ ಹೆಸರಿಲ್ಲ, ಅದು ವಿಧಾನಸೌಧ. ಕಟ್ಟಿಸಿದವರು ಯಾರೆಂದು ಕೇಳಿದರೆ ಮಾತ್ರ ಇಂದಿಗೂ ಜನ ತಡವರಿಸದೆ ಹೇಳುತ್ತಾರೆ.